ಪಾಠ ಹೇಳುವವರು ಒಪಿಡಿ ಬಿಡಬಾರದು

ಸಂಪಾದಕರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ವಾರ ನಿಮ್ಮ ಪತ್ರಿಕೆ ಕೊಟ್ಟ ‘ಮುಂದೇನು ಓದಬೇಕು’ ಪುರವಣಿ ಚೆನ್ನಾಗಿತ್ತು. ನಮ್ಮ ಮನೆಯಲ್ಲೂ ಒಬ್ಬಳು ಪಿಯುಸಿ ಮುಗಿಸಿದ್ದಾಳೆ, ಹಾಗಾಗಿ ಅದು ಎಲ್ಲರ ಕೈಗೂ ಹೋಗಿ ಬಂತು. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಎಲ್ಲಕ್ಕೂ ಜಾಗ ಕೊಟ್ಟಿದ್ದೀರಿ. ಆಕ್ಯುಪೇಶನಲ್ ಥೆರಪಿಗೆ, ಅಂದರೆ ದಿನನಿತ್ಯದ ಕೆಲಸಗಳನ್ನು ರೋಗಿ ತಾನೇ ಮಾಡಿಕೊಳ್ಳುವ ಹಾಗೆ ಕಲಿಸುವ ಚಿಕಿತ್ಸೆಗೆ, ಸಿಕ್ಕಿದ್ದು ಒಂದೇ ಸಾಲು. ಫಿಸಿಯೋಥೆರಪಿಯಂಥದ್ದೇ ಕೋರ್ಸ್, ಹೊರದೇಶದಲ್ಲಿ ಬೇಡಿಕೆ ಇದೆ ಅಂತ. ಈ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕಳೆದವಳು ನಾನು. ಬೆಳಿಗ್ಗೆ ರೋಗಿಗಳನ್ನು ನೋಡುವುದು, ಮಧ್ಯಾಹ್ನ ಪಾಠ ಮಾಡುವುದು. ಆ ಒಂದು ಸಾಲಿಗೆ ಇನ್ನಷ್ಟು ಸಾಲು ಸೇರಿಸಲು ಅವಕಾಶ ಕೊಡಿ. ಪತ್ರ ಉದ್ದವಾಗಿದೆ. ಆದರೂ ಪೂರ್ತಿ ಹಾಕಿದರೆ ಉಪಕಾರವಾಗುತ್ತದೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಆಕ್ಯುಪೇಶನಲ್ ಥೆರಪಿ ಕಲಿಸುವವರು ಒಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ರೋಗಿಗಳನ್ನು ನೋಡುವುದನ್ನು ನಿಲ್ಲಿಸಬಾರದು. ಅವರು ಆಸ್ಪತ್ರೆ ಬಿಟ್ಟು ಬರೀ ಕ್ಲಾಸಿಗೆ ಸೇರಿಕೊಂಡರೆ ಮಕ್ಕಳು ಪಾಸಾಗುತ್ತಾರೆ, ಕೆಲಸ ಕಲಿಯುವುದಿಲ್ಲ. ಕಾಲೇಜಿಗೆ ಅನುಮತಿ ಕೊಡುವವರೂ ಮಕ್ಕಳನ್ನು ಸೇರಿಸುವ ಅಪ್ಪ ಅಮ್ಮಂದಿರೂ ಇದೊಂದನ್ನು ವಿಚಾರಿಸಿಕೊಳ್ಳಲಿ ಅನ್ನುವುದೇ ನನ್ನ ಕಳಕಳಿ.

ಹೀಗೆ ಯಾಕೆ ಹೇಳುತ್ತೇನೆ ಅಂತ ತಿಳಿಯಬೇಕಾದರೆ ಕೆಲಸ ಎಂಥದ್ದು ಅಂತ ಗೊತ್ತಿರಬೇಕು. ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋದವರನ್ನೇ ತಗೊಳ್ಳಿ. ಫಿಸಿಯೋಥೆರಪಿಯವರು ಅವರನ್ನು ಎಬ್ಬಿಸಿ, ನಿಲ್ಲಿಸಿ, ನಡೆಸುತ್ತಾರೆ. ಅದು ದೊಡ್ಡ ಕೆಲಸ, ಅವರ ಮೇಲೆ ನನಗೆ ತುಂಬ ಗೌರವ. ನಾವು ನೋಡುವುದು ಬೇರೆ. ಈ ಮನುಷ್ಯ ನಾಳೆ ಮನೆಗೆ ಹೋದರೆ ಬಚ್ಚಲಲ್ಲಿ ಕೂತು ಹಂಡೆಯ ನೀರು ಮೊಗೆದು ತಾನೇ ಹುಯ್ದುಕೊಳ್ಳುತ್ತಾನಾ? ಪಂಚೆ ಸುತ್ತಿಕೊಳ್ಳುತ್ತಾನಾ? ಅನ್ನ ಕಲಸಿ ಬಾಯಿಗೆ ಇಡುತ್ತಾನಾ? ಒಂದು ಚೊಂಬು ನೀರಿಗೆ ಎಷ್ಟೆಲ್ಲ ಬೇಕು ನೋಡಿ. ಹಿಡಿಯಲು ಬೆರಳು ಮಡಚಬೇಕು, ಎತ್ತಲು ಭುಜ ಏಳಬೇಕು, ಹುಯ್ಯಲು ಮುಂಗೈ ತಿರುಗಬೇಕು, ಅಷ್ಟು ಹೊತ್ತೂ ಸೊಂಟ ವಾಲಬಾರದು. ಯಾವುದು ಬರುತ್ತೆ, ಯಾವುದು ಬರುವುದಿಲ್ಲ ಅಂತ ಬಿಡಿಸಿ ನೋಡುತ್ತೇವೆ. ಬರದೇ ಇರುವುದನ್ನು ಅದೇ ಕೆಲಸ ಮಾಡಿಸುತ್ತಾ ಕಲಿಸುತ್ತೇವೆ. ಅದೂ ಆಗದಿದ್ದರೆ ಬೇರೆ ದಾರಿ ಹುಡುಕುತ್ತೇವೆ.

ಅಂಗಿ ಹಾಕುವಾಗ ಬಿದ್ದ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಕೊನೆಗೆ ತೆಗೆಯಬೇಕು. ಇಷ್ಟೇ ವಿಷಯ. ಇದನ್ನು ಯಾರೂ ಹೇಳಿಕೊಡದೆ ಹೆಂಡತಿಯೋ ಸೊಸೆಯೋ ವರ್ಷಗಟ್ಟಲೆ ಅಂಗಿ ತೊಡಿಸುತ್ತಲೇ ಇರುವ ಮನೆಗಳನ್ನು ನೋಡಿದ್ದೇನೆ. ಹೆಂಗಸರಾದರೆ ಲಂಗದ ಲಾಡಿ ತೆಗೆದು ಇಲಾಸ್ಟಿಕ್ ಹಾಕಿಸುತ್ತೇವೆ, ರವಿಕೆಯ ಹುಕ್ಕಿನ ಜಾಗಕ್ಕೆ ವೆಲ್ಕ್ರೋ ಹೊಲಿಸುತ್ತೇವೆ. ಒಂದೇ ಕೈಯಲ್ಲಿ ಸೀರೆಯ ನೆರಿಗೆ ಹಿಡಿಯುವುದನ್ನು ಅಭ್ಯಾಸ ಮಾಡಿಸುತ್ತೇವೆ. ನೆಲದ ಕಕ್ಕಸಿನಲ್ಲಿ ಕೂರಲು ಆಗದವರಿಗೆ ಪ್ಲಾಸ್ಟಿಕ್ ಕುರ್ಚಿಯ ನಡುವೆ ಕತ್ತರಿಸಿ ಕೊಡುತ್ತೇವೆ. ಮಗಳ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುವ ಅಪ್ಪನಿಗೆ ಎಷ್ಟು ಸಂಕೋಚ ಅನ್ನುವುದು ಅನುಭವಿಸಿದವರಿಗೇ ಗೊತ್ತು. ತಾನೇ ಸ್ನಾನ ಮಾಡಿದ ದಿನ ಅಂಥವರ ಮುಖ ನೋಡಬೇಕು.

ಇದನ್ನೆಲ್ಲ ಪುಸ್ತಕದಿಂದ ಕಲಿಯಬಹುದಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಯಾಕೆ ಅಂತ ಒಂದು ಊಟದ ವಿಷಯ ಹೇಳುತ್ತೇನೆ.

ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಪ್ರಪಂಚ ಗಮನಕ್ಕೇ ಬರುವುದಿಲ್ಲ. ಕಣ್ಣಿನ ದೋಷ ಅಲ್ಲ, ಮಿದುಳು ಆ ಕಡೆ ಗಮನವನ್ನೇ ಕಳಿಸುವುದಿಲ್ಲ. ನಮ್ಮಲ್ಲಿ ಇದನ್ನು ನೆಗ್ಲೆಕ್ಟ್ ಅನ್ನುತ್ತೇವೆ. ಎರಡನೇ ವರ್ಷದ ಪಾಠದಲ್ಲೇ ಬರುತ್ತದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಳ್ಳುತ್ತಾರೆ. ಅದೇ ಮಕ್ಕಳು ವಾರ್ಡಿನಲ್ಲಿ ಒಬ್ಬ ಯಜಮಾನರ ಫೈಲಿನಲ್ಲಿ ‘ಊಟ ಕಡಿಮೆ’ ಅಂತ ಬರೆದಿದ್ದರು. ಆ ದಿನ ಮನೆಯವರು ಹಬ್ಬದ ಅಡುಗೆ ತಂದು ಬಾಳೆಲೆಯಲ್ಲೇ ಬಡಿಸಿದ್ದರು. ಎಡತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಬಲಕ್ಕೆ ಪಲ್ಯ. ಊಟ ಮುಗಿದಾಗ ಎಲೆಯ ಬಲಭಾಗ ಒರೆಸಿದ ಹಾಗೆ ಖಾಲಿ. ಅನ್ನದ ರಾಶಿ ನಡುವೆ ಕತ್ತರಿಸಿದಂತೆ ಅರ್ಧ ಉಳಿದಿತ್ತು. ಕೋಸಂಬರಿ ಹಾಕಿದ ಹಾಗೇ ಇತ್ತು. ‘ಕೋಸಂಬರಿ ಅಂದ್ರೆ ಪ್ರಾಣ ಇವರಿಗೆ. ಈಗ ಮುಟ್ಟೋದೇ ಇಲ್ಲ. ನನ್ನ ಮೇಲೆ ಏನು ಸಿಟ್ಟೋ ಏನೋ’ ಅಂತ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡರು.

ಮಕ್ಕಳನ್ನು ಕರೆದು ಆ ಎಲೆ ತೋರಿಸಿದೆ. ಆಮೇಲೆ ಒಂದು ಹಾಳೆಯ ತುಂಬ ಗೀಟುಗಳಿರುವ ಪರೀಕ್ಷೆ ಮಾಡಿಸಿದೆವು. ಪ್ರತಿ ಗೀಟನ್ನೂ ಅಡ್ಡ ಹೊಡೆಯಬೇಕು. ಯಜಮಾನರು ಬಲಗಡೆಯದ್ದನ್ನು ಮಾತ್ರ ಹೊಡೆದು ‘ಎಲ್ಲ ಆಯ್ತು’ ಅಂದರು. ಎಲೆಯನ್ನು ತಿರುಗಿಸಿ ಇಟ್ಟರೆ ಪೂರ್ತಿ ಊಟ ಮಾಡುತ್ತಾರೆ, ನಿಜ. ಆದರೆ ಎಡಕ್ಕೆ ನೋಡುವುದನ್ನು ಕಲಿಯುವುದಿಲ್ಲ. ಹಾಗಾಗಿ ಅವರಿಗೆ ಒಂದು ನಿಯಮ ಹಾಕಿದೆವು. ಉಪ್ಪು ಎಲ್ಲಿದೆ ಅಂತ ಹುಡುಕಿ ಮುಟ್ಟಿದ ಮೇಲೇ ಊಟ ಶುರು. ತಟ್ಟೆಯಾದರೆ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಆ ಕೆಂಪು ಕಾಣುವವರೆಗೆ ತಲೆ ತಿರುಗಿಸುವ ಅಭ್ಯಾಸ. ಇದು ಸಿಟ್ಟಲ್ಲ, ಕಾಯಿಲೆ ಅಂತ ಗೊತ್ತಾದ ಮೇಲೆ ಆ ತಾಯಿ ಬೇರೆಯೇ ಮನುಷ್ಯರಾದರು. ದಿನಾ ಮೂರು ಹೊತ್ತೂ ಅವರೇ ಮಾಡಿಸಿದರು.

ಈಗ ಕಾಲೇಜಿನ ಟೈಮ್‌ಟೇಬಲ್ ನೋಡಿ. ವಾರ್ಡಿನಲ್ಲಿ ಊಟ ಬರುವ ಹೊತ್ತಿಗೆ ಮಕ್ಕಳು ಕ್ಲಾಸಿನಲ್ಲಿರುತ್ತಾರೆ. ರೋಗಿ ಹಲ್ಲುಜ್ಜಿ, ಸ್ನಾನ ಮಾಡಿ, ಬಟ್ಟೆ ಹಾಕುವ ಬೆಳಗಿನ ಹೊತ್ತಿಗೆ ಹಾಸ್ಟೆಲಿನಲ್ಲಿರುತ್ತಾರೆ. ಅಂದರೆ ನಾವು ಏನನ್ನು ನೋಡಬೇಕೋ ಅದು ನಡೆಯುವಾಗ ನಮ್ಮ ವಿದ್ಯಾರ್ಥಿಗಳು ಅಲ್ಲಿರುವುದಿಲ್ಲ. ಆಮೇಲೆ ಹತ್ತು ಗಂಟೆಗೆ ಹೋಗಿ ‘ಸ್ನಾನ ನೀವೇ ಮಾಡ್ತೀರಾ?’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಬೆಳಿಗ್ಗೆ ಬೇಗ ವಾರ್ಡಿಗೆ ಕರೆದುಕೊಂಡು ಹೋಗಲು ಮೇಷ್ಟ್ರು ತಾವೇ ಬೇಗ ಬರಬೇಕು. ವಾರ್ಡಿನ ನಂಟು ಇರುವವರು ಮಾತ್ರ ಬರುತ್ತಾರೆ.

ಇನ್ನೊಂದು ಕೈಯ ವಿಷಯ. ನಮ್ಮ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಕೈ ಕೊಯ್ದುಕೊಂಡು ಬರುವವರು ಇದ್ದೇ ಇರುತ್ತಾರೆ. ಒಬ್ಬಾಕೆಗೆ ಮೆಟ್ಟುಗತ್ತಿ ಜಾರಿ ಮುಂಗೈ ಹತ್ತಿರ ಆಳವಾಗಿ ಕೊಯ್ದಿತ್ತು. ಬೆರಳು ಮಡಚುವ ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಗಳು) ಮತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶ ಕೊಡುವ ನರ, ಎರಡೂ ಹೋಗಿದ್ದವು. ಸರ್ಜನ್ ಚೆನ್ನಾಗಿ ಜೋಡಿಸಿದ್ದರು. ಮನೆಯವರು ಆಪರೇಷನ್ ಆಯ್ತು, ಇನ್ನು ವಾಸಿ ಅಂದುಕೊಂಡಿದ್ದರು. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ. ಜೋಡಿಸಿದ ಟೆಂಡನ್ ಎಳೆದರೆ ಕಿತ್ತು ಬರುತ್ತದೆ. ಅಲ್ಲಾಡಿಸದೆ ಬಿಟ್ಟರೆ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಮಡಚುವುದೇ ಇಲ್ಲ. ಅದಕ್ಕೆ ಕೈಯ ಹಿಂಭಾಗಕ್ಕೆ ಬೆರಳು ಪೂರ್ತಿ ನೆಟ್ಟಗಾಗದಂತೆ ತಡೆಯುವ ಸ್ಪ್ಲಿಂಟ್ ಅನ್ನುವ ಗಟ್ಟಿ ಆಸರೆಪಟ್ಟಿ ಹಾಕಿ, ಅದರ ಒಳಗೇ ಅಳತೆಯಿಟ್ಟು ಅಲ್ಲಾಡಿಸುತ್ತೇವೆ. ಸುಮಾರು ಆರು ವಾರ ಹೀಗೆ. ಭಾರದ ಕೆಲಸ ಅಂದರೆ ಮೂರು ತಿಂಗಳು ಕಾಯಬೇಕು.

ನರದ್ದು ಇನ್ನೂ ನಿಧಾನ. ಹೊಲಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮುಂಗೈಯಿಂದ ಬೆರಳ ತುದಿಗೆ ಬರಲು ತಿಂಗಳುಗಟ್ಟಲೆ ಬೇಕು. ಬಂದ ಮೇಲೂ ಬೆರಳು ಹೇಳುವುದು ಮಿದುಳಿಗೆ ಸರಿಯಾಗಿ ಅರ್ಥವಾಗುವುದಿಲ್ಲ, ಎಲ್ಲ ಜುಂ ಅನ್ನುತ್ತದೆ. ಆಗ ಕಣ್ಣು ಮುಚ್ಚಿ ಮುಟ್ಟಿ ಗುರುತಿಸುವ ಅಭ್ಯಾಸ ಮಾಡಿಸುತ್ತೇವೆ. ಪುಸ್ತಕದಲ್ಲಿ ನಾಣ್ಯ, ಕೀಲಿಕೈ, ಗುಂಡಿ ಅಂತ ಇರುತ್ತದೆ. ಆಕೆಗೆ ಅದರಲ್ಲಿ ಮನಸ್ಸೇ ಬರುತ್ತಿರಲಿಲ್ಲ. ಒಂದು ದಿನ ಅಂತಿಮ ವರ್ಷದ ಹುಡುಗಿಯೊಬ್ಬಳು ಮನೆಯಿಂದ ಅಡಿಕೆ ತಂದು ಅಕ್ಕಿಯ ಡಬ್ಬದಲ್ಲಿ ಹುದುಗಿಸಿ ಇಟ್ಟಳು. ಬೆಟ್ಟೆ, ಗೊರಬಲು, ಚಾಲಿ. ‘ಇದು ಗೊರಬಲು. ಇದು ಬೆಟ್ಟೆ, ಇಲ್ಲಿ ಹೋಳಾದ ಅಂಚು ಸಿಗ್ತದಲ್ಲಮ್ಮ’ ಅಂತ ಆಕೆ ಕಣ್ಣು ಮುಚ್ಚಿಕೊಂಡೇ ನಮಗೆ ಪಾಠ ಹೇಳಲು ಶುರು ಮಾಡಿದರು. ತಾನು ಬದುಕಿನುದ್ದಕ್ಕೂ ಮುಟ್ಟಿದ ವಸ್ತು ಕೊಟ್ಟಾಗ ಬೆರಳು ಬೇಗ ಕಲಿಯುತ್ತದೆ. ಆ ಹುಡುಗಿಗೆ ಇದು ಹೊಳೆದದ್ದು ವಾರಗಟ್ಟಲೆ ಆಕೆಯ ಪಕ್ಕ ಕೂತಿದ್ದರಿಂದ. ನನಗೆ ಬಹಳ ಹೆಮ್ಮೆಯಾಯಿತು.

ಸ್ಪ್ಲಿಂಟ್ ಮಾಡುವುದನ್ನು ಕಲಿಸುವುದು ನನಗೆ ಎಲ್ಲಕ್ಕಿಂತ ಇಷ್ಟದ ಪಾಠ. ಮುಂಗೈ ಎತ್ತಲಾಗದೆ ಜೋತು ಬೀಳುವ ರೋಗಿ ಇರುತ್ತಾರೆ. ಮೊದಲು ಹಳೇ ಪೇಪರಿನ ಮೇಲೆ ಅವರ ಕೈ ಇಟ್ಟು ಅಳತೆ ಬರೆದುಕೊಳ್ಳಬೇಕು. ಎಷ್ಟೋ ಸಲ ಅದು ನಿಮ್ಮ ಪತ್ರಿಕೆಯೇ ಆಗಿರುತ್ತಿತ್ತು. ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಆ ಅಳತೆಗೆ ಕತ್ತರಿಸಿ ಸುಮಾರು 70 ಡಿಗ್ರಿಯ ಬಿಸಿನೀರಿಗೆ ಹಾಕಿದರೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ತೆಗೆದು ಒರೆಸಿ, ಬಿಸಿ ತಡೆಯುವಷ್ಟಾದ ಮೇಲೆ ರೋಗಿಯ ಕೈಮೇಲೆ ಹಾಸಿ, ಮುಂಗೈಯನ್ನು 20–30 ಡಿಗ್ರಿ ಮೇಲಕ್ಕೆತ್ತಿ ಹಿಡಿದು ಗಟ್ಟಿಯಾಗಲು ಬಿಡಬೇಕು. ಸಿಗುವ ಸಮಯ ಕೆಲವೇ ನಿಮಿಷ. ಅಂಗೈಯ ಮೇಲಿನ ಅಡ್ಡಗೆರೆ ಬಿಟ್ಟು ಕೆಳಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಬೆರಳು ಮಡಚಲು ಆಗುವುದಿಲ್ಲ. ಕಿರುಬೆರಳ ಕಡೆಯ ಮಣಿಕಟ್ಟಿನ ಮೂಳೆ ಉಬ್ಬಿರುವಲ್ಲಿ ಜಾಗ ಬಿಡಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಹಾಕಿ ತೆಗೆದ ಮೇಲೆ ಕೆಂಪು ಕಲೆ ಇಪ್ಪತ್ತು ನಿಮಿಷವಾದರೂ ಹೋಗದಿದ್ದರೆ ಮತ್ತೆ ಬಿಸಿ ಮಾಡಿ ತಿದ್ದಬೇಕು. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ಮೇಷ್ಟ್ರ ಕೈಯ ಪಕ್ಕ ತಮ್ಮ ಕೈ ಇಟ್ಟೇ ಮಕ್ಕಳು ಕಲಿಯಬೇಕು. ವರ್ಷಗಳಿಂದ ಸ್ಪ್ಲಿಂಟ್ ಮಾಡದವರು ಅದನ್ನು ಸ್ಲೈಡ್ ಹಾಕಿ ವಿವರಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಥರ್ಮೋಪ್ಲಾಸ್ಟಿಕ್ ದುಬಾರಿ. ತರಿಸಲು ಆಗದ ಕಡೆ ಪಿವಿಸಿ ಪೈಪ್ ಕಾಯಿಸಿ ಚಪ್ಪಟೆ ಮಾಡಿ ಮಾಡುತ್ತೇವೆ. ಅದನ್ನೂ ಕಲಿಸಬೇಕು. ತಾಲ್ಲೂಕು ಆಸ್ಪತ್ರೆಗೆ ಹೋದರೆ ಅದೇ ಕೈಹಿಡಿಯುವುದು.

ನಮ್ಮ ದೇಶದಲ್ಲಿ ಈ ವಿದ್ಯೆ ಹುಟ್ಟಿದ್ದೇ ಆಸ್ಪತ್ರೆಯ ಒಳಗೆ. ತಂದವರು ಕಮಲಾ ನಿಂಬಕರ್. ಹುಟ್ಟಿದ್ದು ಅಮೆರಿಕದಲ್ಲಿ, ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದ ಮನೆತನದಲ್ಲಿ. ಮೊದಲ ಹೆಸರು ಎಲಿಜಬೆತ್ ಲಂಡಿ. ವಿಷ್ಣು ನಿಂಬಕರ್ ಅವರನ್ನು ಮದುವೆಯಾಗಿ 1930ರಲ್ಲಿ ಭಾರತಕ್ಕೆ ಬಂದರು. ನಲವತ್ತು ದಾಟಿದ ಮೇಲೆ ಫಿಲಡೆಲ್ಫಿಯಾಗೆ ಹೋಗಿ ಆಕ್ಯುಪೇಶನಲ್ ಥೆರಪಿ ಓದಿ ಬಂದರು. ಆ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗುವುದು ಸಣ್ಣ ಮಾತಲ್ಲ. 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ಶುರು ಮಾಡಿದರು. ಏಷ್ಯಾದಲ್ಲೇ ಅದು ಮೊದಲನೆಯದು. 1952ರಲ್ಲಿ ಅಖಿಲ ಭಾರತ ಆಕ್ಯುಪೇಶನಲ್ ಥೆರಪಿಸ್ಟ್‌ಗಳ ಸಂಘ ಕಟ್ಟಿ ಅದರ ಮೊದಲ ಅಧ್ಯಕ್ಷರಾದರು. ಅದೇ ವರ್ಷ ವಿಶ್ವ ಒಕ್ಕೂಟ ಹುಟ್ಟಿದಾಗ ಸ್ಥಾಪಕ ಸದಸ್ಯರಾಗಿದ್ದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಸ್ವಾತಂತ್ರ್ಯ ಬಂದು ಐದು ವರ್ಷಕ್ಕೆ ನಾವು ಆ ಸಾಲಿನಲ್ಲಿ ಕೂತಿದ್ದೆವು. 1958ರಲ್ಲಿ ನಾಗಪುರದಲ್ಲೂ ಶಾಲೆ ಬಂತು. ವಾರ್ಡು ಒಂದು ಕಡೆ, ಕ್ಲಾಸು ಪಕ್ಕದಲ್ಲೇ. ರೋಗಿಯನ್ನು ನೋಡುವುದು ಮತ್ತು ಪಾಠ ಹೇಳುವುದು ಎರಡು ಬೇರೆ ನೌಕರಿ ಅನ್ನುವ ಯೋಚನೆಯೇ ಆಗ ಇರಲಿಲ್ಲ. ನಾನು ಮಲೆನಾಡಿನಿಂದ ಮುಂಬೈಗೆ ಹೋಗಿ ಓದುವ ಕಾಲಕ್ಕೂ ಅದೇ ಪದ್ಧತಿ ಇತ್ತು. ನಮ್ಮ ಮೇಡಂಗಳು ರೋಗಿಯ ಎದುರೇ ಪ್ರಶ್ನೆ ಕೇಳುತ್ತಿದ್ದರು, ಉತ್ತರವನ್ನು ಕೈಯಲ್ಲಿ ಮಾಡಿ ತೋರಿಸಬೇಕಿತ್ತು.

ಪಕ್ಕದ ವೆಲ್ಲೂರಿನದ್ದೂ ಇದೇ ಕಥೆ. ಕುಷ್ಠರೋಗದಿಂದ ಬೆರಳು ಕೊಕ್ಕೆಯಾದವರಿಗೆ ಡಾ. ಪಾಲ್ ಬ್ರಾಂಡ್ ಸಿಎಂಸಿ ಆಸ್ಪತ್ರೆಯಲ್ಲಿ ಟೆಂಡನ್ ಬದಲಿಸುವ ಆಪರೇಷನ್ ಮಾಡಿದರು. ಕೈ ನೆಟ್ಟಗಾದರೂ ಸ್ಪರ್ಶ ಇಲ್ಲ, ಬಿಸಿ ಲೋಟ ಹಿಡಿದರೆ ಸುಟ್ಟದ್ದು ಗೊತ್ತಾಗುವುದಿಲ್ಲ. ಆ ಕೈಯನ್ನು ಹೇಗೆ ಬಳಸಬೇಕು, ದಿನಾ ಹೇಗೆ ಕಣ್ಣಿಂದ ನೋಡಿಕೊಳ್ಳಬೇಕು ಅಂತ ಕಲಿಸಿದ ಮೇಲೇ ಆಪರೇಷನ್ನಿಗೆ ಬೆಲೆ ಬಂತು.

ಈಗ ಏನಾಗಿದೆ? ಬಡ್ತಿ ಬೇಕಾದರೆ ಎಷ್ಟು ಲೇಖನ ಪ್ರಕಟವಾಗಿದೆ ಅಂತ ಕೇಳುತ್ತಾರೆ. ಎಷ್ಟು ರೋಗಿಗಳನ್ನು ನೋಡಿದಿರಿ ಅಂತ ಯಾರೂ ಕೇಳುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಪ್ರೊಫೆಸರ್ ಆದ ಕೂಡಲೇ ‘ಇನ್ನು ಒಪಿಡಿಗೆ ಯಾಕೆ ಹೋಗ್ತೀರಿ ಮೇಡಂ, ಜೂನಿಯರ್‌ಗಳು ನೋಡ್ಕೊಳ್ತಾರೆ’ ಅಂದರು. ಒಪಿಡಿಯ ಹೊತ್ತಿಗೇ ಮೀಟಿಂಗ್ ಇಡಲು ಶುರು ಮಾಡಿದರು. ನಾನು ಒಪ್ಪಲಿಲ್ಲ. ಬೆಳಿಗ್ಗೆ ಎರಡು ಗಂಟೆ ರೋಗಿಗಳಿಗೆ ಅಂತ ಬರೆದು ಕೊಟ್ಟು, ಅದನ್ನು ಬಿಡದೆ ಉಳಿಸಿಕೊಂಡೆ. ಅದಕ್ಕಾಗಿ ಕೆಲವು ಕುರ್ಚಿಗಳು ನನಗೆ ಸಿಗಲಿಲ್ಲ. ಬೇಸರವಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರು ಲೈಬ್ರರಿಯ ಪುಸ್ತಕ ಎಣಿಸುತ್ತಿದ್ದರು, ರೂಮಿನ ಅಳತೆ ನೋಡುತ್ತಿದ್ದರು. ಪಾಠ ಹೇಳುವವರು ಕೊನೆಯ ಸಲ ರೋಗಿಯನ್ನು ನೋಡಿದ್ದು ಯಾವಾಗ ಅನ್ನುವ ಕಾಲಂ ಯಾವ ಫಾರಂನಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಸಂಶೋಧನೆ ಬೇಡ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಪ್ರಶ್ನೆ ಹುಟ್ಟುವುದೇ ಒಪಿಡಿಯಲ್ಲಿ. ರೋಗಿ ಎಷ್ಟು ಸ್ವತಂತ್ರ ಅಂತ ಅಳೆಯಲು ನಾವು ಜಾಸ್ತಿ ಬಳಸುವುದು ಬಾರ್ಥೆಲ್ ಇಂಡೆಕ್ಸ್. ಅಮೆರಿಕದಲ್ಲಿ 1965ರಲ್ಲಿ ಪ್ರಕಟವಾದದ್ದು, ಒಟ್ಟು 100 ಅಂಕ. ಅದರಲ್ಲಿ ಊಟಕ್ಕೆ 10. ಆಹಾರ ಕತ್ತರಿಸಲು, ಬೆಣ್ಣೆ ಸವರಲು ಬೇರೆಯವರ ಸಹಾಯ ಬೇಕಾದರೆ 5. ಸ್ನಾತಕೋತ್ತರ ಓದುತ್ತಿದ್ದ ಹುಡುಗನೊಬ್ಬ ‘ಮೇಡಂ, ನಮ್ಮ ಅಜ್ಜಿ ಬೆಣ್ಣೆ ಸವರೋದೇ ಇಲ್ಲ. ಸಾರನ್ನ ಕಲಸಿ, ಸೋರದ ಹಾಗೆ ತುತ್ತು ಮಾಡ್ತಾರೆ. ಅದಕ್ಕೆ ಎಷ್ಟು ಅಂಕ?’ ಅಂತ ಕೇಳಿದ. ಎಷ್ಟು ಚೆಂದದ ಪ್ರಶ್ನೆ! ನೆಲದ ಮೇಲೆ ಕೂತು ಏಳುವುದಕ್ಕೆ ಎಷ್ಟು? ಮುದ್ದೆ ಮುರಿಯುವುದಕ್ಕೆ ಎಷ್ಟು? ನಮ್ಮ ಮನೆಗಳಿಗೆ ಹೊಂದುವ ಅಳತೆಗೋಲು ನಾವೇ ಮಾಡಿಕೊಳ್ಳಬೇಕು. ರೋಗಿಯ ಎದುರು ಕೂತವನಿಗೆ ಮಾತ್ರ ಅದು ಹೊಳೆಯುತ್ತದೆ.

ವಿಶ್ವ ಒಕ್ಕೂಟದ ನಿಯಮದ ಪ್ರಕಾರ ಪ್ರತಿ ವಿದ್ಯಾರ್ಥಿಯೂ ಕನಿಷ್ಠ 1000 ಗಂಟೆ ರೋಗಿಗಳ ನಡುವೆ ಕಲಿಯಬೇಕು. ಗಂಟೆ ತುಂಬಿಸುವುದು ಕಷ್ಟವಲ್ಲ. ಆ ಗಂಟೆಗಳಲ್ಲಿ ಪಕ್ಕದಲ್ಲಿ ಯಾರಿದ್ದರು ಅನ್ನುವುದು ಮುಖ್ಯ. ಜೊತೆಗೆ ಮನೆಗಳಿಗೂ ಹೋಗಬೇಕು. ಮನೆಯ ಹೊಸಿಲು ಎಷ್ಟೆತ್ತರ, ಬಚ್ಚಲು ಮನೆಯ ಒಳಗಿದೆಯಾ ಹೊರಗಿದೆಯಾ, ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟುತ್ತದಾ, ಇದೆಲ್ಲ ಆಸ್ಪತ್ರೆಯಲ್ಲಿ ಕೂತು ಗೊತ್ತಾಗುವುದಿಲ್ಲ.

ಇನ್ನು ಸರ್ಕಾರದ ಕಡೆಗೆ ಬರುತ್ತೇನೆ. ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ 2021ರಲ್ಲಿ ಬಂತು. ಆಕ್ಯುಪೇಶನಲ್ ಥೆರಪಿಯೂ ಅದರಲ್ಲಿದೆ. ವೈದ್ಯರಿಗೆ, ನರ್ಸ್‌ಗಳಿಗೆ ಇರುವ ಹಾಗೆ ನಮಗೂ ಕಾನೂನಿನ ಗುರುತು ಬೇಕು ಅಂತ ನಮ್ಮ ಹಿರಿಯರು ಬಹಳ ವರ್ಷ ಓಡಾಡಿದ್ದರು. ಕಾಲೇಜು ಹೇಗಿರಬೇಕು ಅಂತ ಹೇಳುವ ಅಧಿಕಾರವೂ ಈಗ ಆ ಆಯೋಗಕ್ಕೆ ಬಂದಿದೆ. ಇದೇ ಸರಿಯಾದ ಸಮಯ. ಪ್ರೊಫೆಸರ್‌ವರೆಗೆ ಎಲ್ಲ ಬೋಧಕರಿಗೂ ವಾರಕ್ಕೆ ಇಷ್ಟು ಗಂಟೆ ಕ್ಲಿನಿಕಲ್ ಕೆಲಸ ಕಡ್ಡಾಯ ಅಂತ ನಿಯಮ ಮಾಡಲಿ. ಬಡ್ತಿಗೆ ಅದನ್ನೂ ಲೆಕ್ಕಕ್ಕೆ ತಗೊಳ್ಳಲಿ.

ಅದರ ಜೊತೆಗೆ ಇನ್ನೊಂದು ಆಗಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್ ಸಿಗುತ್ತಾರೆ, ಆಕ್ಯುಪೇಶನಲ್ ಥೆರಪಿಸ್ಟ್ ಸಿಗುವುದು ಅಪರೂಪ. ಹುದ್ದೆ ಇಲ್ಲದ ಮೇಲೆ ಮಕ್ಕಳು ಓದಿ ಎಲ್ಲಿಗೆ ಹೋಗಬೇಕು? ಬೆಂಗಳೂರಿಗೆ, ಆಮೇಲೆ ವಿಮಾನ ಹತ್ತಿ ದುಬೈಗೋ ಇಂಗ್ಲೆಂಡಿಗೋ. ಅವರನ್ನು ನಾನು ದೂರುವುದಿಲ್ಲ. ಅಲ್ಲಿರುವ ನನ್ನ ವಿದ್ಯಾರ್ಥಿಗಳು ಒಳ್ಳೆಯ ಹೆಸರು ತಗೊಂಡಿದ್ದಾರೆ. ಆದರೆ ಹಾವೇರಿಯ ಅಮ್ಮನೊಬ್ಬಳು ಆಟಿಸಂ ಇರುವ ಮಗನನ್ನು ಕರೆದುಕೊಂಡು ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿ ಇರಬೇಕಾ? 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ ಅದು 21 ಆಯಿತು, ಆಟಿಸಂ ಕೂಡ ಸೇರಿತು. ಅಂಗವಿಕಲರ ಗುರುತಿನ ಕಾರ್ಡ್ ಸಿಗುತ್ತಿದೆ, ಥೆರಪಿ ಸಿಗುತ್ತಿಲ್ಲ. ಆ ಖಾಲಿ ಜಾಗಕ್ಕೆ ಕೆಲವು ವಾರದ ತರಬೇತಿ ಪಡೆದವರು ಬೋರ್ಡ್ ಹಾಕಿಕೊಂಡು ಬರುತ್ತಿದ್ದಾರೆ. ಥೆರಪಿ ಮಾಡುವವರ ಡಿಗ್ರಿ ಯಾವುದು ಅಂತ ಕೇಳುವುದು ಅಪ್ಪ ಅಮ್ಮನ ಹಕ್ಕು. ನಾಚಿಕೆ ಬೇಡ, ಕೇಳಿ.

ಜಿಲ್ಲೆಗೆ ಒಬ್ಬರಾದರೂ ಇದ್ದರೆ ಅವರು ಆಸ್ಪತ್ರೆಯಲ್ಲೂ ಕೆಲಸ ಮಾಡಬಹುದು, ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಕಲಿಸಬಹುದು. ಈ ಕಾರ್ಯಕರ್ತರಿಗೆ ನಾನು ತರಬೇತಿ ಕೊಟ್ಟಿದ್ದೇನೆ. ಅವರಲ್ಲಿ ಎಷ್ಟೋ ಜನ ಸ್ವತಃ ಅಂಗವಿಕಲರು. ಕೆಳಗೆ ಕೂರಿಸಿ ಊಟ ಮಾಡಿಸುವಾಗ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಗುವಿನ ತಲೆ ಹಿಂದಕ್ಕೆ ಬಾಗಬಾರದು, ಗಂಟಲಿಗೆ ಸಿಕ್ಕುತ್ತದೆ ಅಂತ ಒಂದು ಸಲ ತೋರಿಸಿದರೆ ಸಾಕು. ಮಾರನೆಯ ದಿನವೇ ಊರೂರಲ್ಲಿ ತಾಯಂದಿರಿಗೆ ಹೇಳಿಕೊಡುತ್ತಾರೆ. ಅಷ್ಟು ಶ್ರದ್ಧೆ ಅವರದ್ದು. ಅವರಿಗೆ ಬೆನ್ನಿಗೆ ನಿಲ್ಲುವವರು ಬೇಕು. ನಮ್ಮ ಅಂತಿಮ ವರ್ಷದ ಮಕ್ಕಳನ್ನು ಕಳಿಸಲು ಆಗ ಒಂದು ಒಳ್ಳೆಯ ಜಾಗವೂ ಸಿಕ್ಕಿದಂತಾಗುತ್ತದೆ.

ಮನಸ್ಸಿನ ಕಾಯಿಲೆಯವರ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದ ಬೇಕರಿ ಗೊತ್ತಿರಬಹುದು. ಅಲ್ಲಿ ಬ್ರೆಡ್ ಮಾಡುವುದು ಸುಮ್ನೆ ಕಾಲ ಕಳೆಯಲು ಅಲ್ಲ. ಹೊತ್ತಿಗೆ ಸರಿಯಾಗಿ ಏಳುವುದು, ಸ್ನಾನ ಮಾಡಿ ಬರುವುದು, ಅಳತೆ ನೆನಪಿಡುವುದು, ಪಕ್ಕದವನ ಜೊತೆ ಹೊಂದಿಕೊಳ್ಳುವುದು, ಎಲ್ಲ ಅದರಲ್ಲಿದೆ. ಸ್ಕಿಜೋಫ್ರೇನಿಯಾ ಇರುವವರಿಗೆ ಮಾತ್ರೆಯಿಂದ ಧ್ವನಿ ಕೇಳಿಸುವುದು ನಿಂತರೂ ದಿನವನ್ನು ಮತ್ತೆ ಕಟ್ಟಿಕೊಳ್ಳಲು ಒಬ್ಬರ ನೆರವು ಬೇಕು. ಆ ಕೆಲಸ ನಮ್ಮದು.

ಈ ವರ್ಷ ಪಿಯುಸಿ ಮುಗಿಸಿದ ಮಕ್ಕಳಿಗೆ ನನ್ನ ಮಾತು ಇಷ್ಟೇ. ಇದು ತಾಳ್ಮೆಯ ಕೆಲಸ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್ ಇತ್ತು. ಅನಾಟಮಿಯೂ ಓದಬೇಕು, ಮನಃಶಾಸ್ತ್ರವೂ ಓದಬೇಕು, ಮರಗೆಲಸ ಹೊಲಿಗೆಯೂ ಸ್ವಲ್ಪ ಬರಬೇಕು. ಮನುಷ್ಯರ ಬಗ್ಗೆ ಆಸಕ್ತಿ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗಂತೂ ಗೊತ್ತಿಲ್ಲ. ಸೇರುವ ಮುಂಚೆ ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡಿ. ಅದರ ಆಸ್ಪತ್ರೆಯ ಆಕ್ಯುಪೇಶನಲ್ ಥೆರಪಿ ವಿಭಾಗಕ್ಕೆ ಹೋಗಿ, ಅನುಮತಿ ಕೇಳಿ, ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೂತುಕೊಳ್ಳಿ. ರೋಗಿಗಳು ಬರುತ್ತಾರಾ, ಮೇಷ್ಟ್ರುಗಳು ರೋಗಿಗಳ ಹತ್ತಿರ ಇದ್ದಾರಾ ಅಂತ ನೋಡಿ. ನಮ್ಮ ಮನೆಯ ಹುಡುಗಿಗೂ ಇದನ್ನೇ ಹೇಳಿದ್ದೇನೆ. ಅವಳು ಯಾವ ಕೋರ್ಸ್ ಆರಿಸಿಕೊಳ್ಳುತ್ತಾಳೋ ಅದು ಅವಳ ಇಷ್ಟ.

ಸಂಪಾದಕರಲ್ಲಿ ಒಂದು ವಿನಂತಿ. ಅಕ್ಟೋಬರ್ 27 ವಿಶ್ವ ಆಕ್ಯುಪೇಶನಲ್ ಥೆರಪಿ ದಿನ. ಆ ಹೊತ್ತಿಗೆ ನಿಮ್ಮ ವರದಿಗಾರರೊಬ್ಬರನ್ನು ಯಾವುದಾದರೂ ವಿಭಾಗಕ್ಕೆ ಕಳಿಸಿ. ಭಾಷಣದ ಕಾರ್ಯಕ್ರಮಕ್ಕೆ ಬೇಡ. ಬೆಳಿಗ್ಗೆ ಒಪಿಡಿ ಹೊತ್ತಿಗೆ ಬಂದು, ಮಧ್ಯಾಹ್ನ ವಾರ್ಡಿನ ಊಟ ಮುಗಿಯುವವರೆಗೆ ಇರಲಿ. ಶಿವಮೊಗ್ಗದ ಸುತ್ತಮುತ್ತ ಆದರೆ ನಾನೇ ಜೊತೆಗೆ ಬಂದು ತೋರಿಸುತ್ತೇನೆ.

— ನಿವೃತ್ತ ಆಕ್ಯುಪೇಶನಲ್ ಥೆರಪಿ ಪ್ರಾಧ್ಯಾಪಕಿ, ಶಿವಮೊಗ್ಗ